‘ಅಪ್ಪಯ್ಯ ಒಪ್ಪೋದಿಲ್ಲ’: ಮನೆ ಕೊಳ್ಳುವ ಜಗಳದ ಒಂದು ಪ್ರಕರಣ

(ಗುರುತು ಸಿಗಬಾರದೆಂದು ಹೆಸರು, ಕೆಲಸ ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಸುಮಾ ಭದ್ರಾವತಿಯಲ್ಲಿ ಶಿಕ್ಷಕಿ. ಗಂಡ ರಾಘು ಶಿವಮೊಗ್ಗದ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ಒಬ್ಬ ಮಗ, ವಿನೋಬನಗರದಲ್ಲಿ ಬಾಡಿಗೆ ಮನೆ. ಆಪ್ತಸಲಹೆಗೆಂದು ನನ್ನ ಬಳಿ ಬರುವ ಹೊತ್ತಿಗೆ ಇಬ್ಬರೂ ನೆಟ್ಟಗೆ ಮಾತಾಡದೆ ತಿಂಗಳಾಗಿತ್ತು.

ಬಿ.ಎಚ್. ರಸ್ತೆಯಲ್ಲಿ ನಿದಿಗೆ ಕಡೆ ಸುಮಾ ಒಂದು ಮನೆ ನೋಡಿದ್ದರು. 40 ಲಕ್ಷ. ಇಬ್ಬರ ಕೆಲಸಕ್ಕೂ ಹತ್ತಿರ, ಬಸ್ಸಿನ ತೊಂದರೆ ಇಲ್ಲ. 2023ರಲ್ಲಿ ಸೋಗಾನೆ ವಿಮಾನ ನಿಲ್ದಾಣ ಆದ ಮೇಲೆ ಆ ಕಡೆ ಸೈಟಿನ ಮಾತು ಜೋರಾಗಿದೆ, ಈಗ ಬಿಟ್ಟರೆ ಮತ್ತೆ ಕೈಗೆ ಸಿಗಲ್ಲ ಅನ್ನೋದು ಅವರ ಆತಂಕ. ಆ ಬೀದಿಯಲ್ಲಿ ಕನ್ನಡದ ಜೊತೆ ಉರ್ದು, ತಮಿಳು, ತೆಲುಗು, ಲಂಬಾಣಿ ಎಲ್ಲ ಕಿವಿಗೆ ಬೀಳುತ್ತದೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಕೆಲಸ ಹುಡುಕಿಕೊಂಡು ಬಂದವರ ಮೊಮ್ಮಕ್ಕಳೂ ಅಲ್ಲಿದ್ದಾರೆ.

ರಾಘು ಅವರ ತಂದೆಗೆ ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. 10 ಲಕ್ಷ ಕೊಡ್ತೀನಿ, ಆದ್ರೆ ನಮ್ಮೋರು ಇರೋ ಕಡೆ ಮನೆ ತಗೊಳ್ಳಿ ಎಂದಿದ್ದರು. “ಅಪ್ಪಯ್ಯ ಒಪ್ಪೋದಿಲ್ಲ, ನಾನೇನು ಮಾಡ್ಲಿ?” ಇದು ರಾಘು ಮಾತು. “ಯಾವಾಗ್ಲೂ ಮಾವನ ಹೆಸರು ಹೇಳ್ತಾರೆ ಮೇಡಂ. ತಮಗೇನು ಬೇಕು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ.” ಇದು ಸುಮಾ ದೂರು.

ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. ರಾಘು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದರು: ಎಲೆಚುಕ್ಕಿ ರೋಗ ಬಂದು ತೋಟದ ಫಸಲು ಇಳಿದಿದೆ. 10 ಲಕ್ಷ ಕೊಟ್ಟರೆ ಅಪ್ಪಯ್ಯನ ಕೈ ಖಾಲಿ. ಉಳಿದದ್ದಕ್ಕೆ ಸಾಲ ಮಾಡಿ, ನಾಳೆ ಕಂತು ತಪ್ಪಿದರೆ ಯಾರ ಹತ್ತಿರ ಕೇಳೋದು? ಈ ಮಾತನ್ನು ಹೆಂಡತಿಗೆ ಹೇಳಿರಲೇ ಇಲ್ಲ. ಕೈಲಾಗದವನು ಅಂದ್ಕೊಂಡಾಳು ಅನ್ನೋ ಅಂಜಿಕೆ. ಇಂಥದ್ದನ್ನು ನಾನು ಆಗಾಗ ನೋಡುತ್ತೇನೆ. ತನ್ನ ಭಯ ಹೇಳಿಕೊಳ್ಳಲಾಗದ ಮಗನಿಗೆ ಹಿರಿಯರ ‘ಬೇಡ’ ಒಂದು ಆಸರೆ. ಹೆಂಡತಿಗೆ ಮಾತ್ರ ಅದು ಅವಮಾನದಂತೆ ಕೇಳುತ್ತದೆ.

ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ರಾಘು ಇದನ್ನು ತಾವೇ ಹೇಳಿದರು. ಸುಮಾ ಅತ್ತರು. “ಇಷ್ಟು ಹೇಳಿದ್ರೆ ನಾನು ಹಟ ಮಾಡ್ತಿದ್ನಾ?” ಎಂದರು.

ಆಮೇಲೆ ಲೆಕ್ಕಕ್ಕೆ ಬಂದೆವು. ಶೇ 8.5 ಬಡ್ಡಿಗೆ 20 ವರ್ಷದ 30 ಲಕ್ಷ ಸಾಲ ಅಂದರೆ ಕಂತು ತಿಂಗಳಿಗೆ ಸುಮಾರು 26,000. ಬಾಡಿಗೆ 11,000. ಹಾಗಾದರೆ ಮನೆ ತಗೊಳ್ಳುವ ಮೊದಲೇ ತಿಂಗಳಿಗೆ 15,000 ಬೇರೆ ಖಾತೆಗೆ ಹಾಕಿ, ಮೂರು ತಿಂಗಳು ಬದುಕಿ ನೋಡಿ ಎಂದೆ. ಸಾಲ ತಡೆದುಕೊಳ್ಳಬಲ್ಲೆವಾ ಅಂತ ಜಗಳವಾಡುವ ಬದಲು ಇದು ಒಳ್ಳೇದು. ಎರಡನೇ ತಿಂಗಳು ಮಗನ ಶಾಲೆ ಫೀಸು ಬಂದು ದುಡ್ಡು ಸಾಲಲಿಲ್ಲ. 24 ಲಕ್ಷದವರೆಗೆ, ಅಂದರೆ ಸುಮಾರು 21,000ದ ಕಂತಾದರೆ ಆಗುತ್ತದೆ ಎಂದು ಇಬ್ಬರೂ ಒಪ್ಪಿದರು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ ಶೇ 2ಕ್ಕೆ ಏರಿದ್ದು ಅವರ ಲೆಕ್ಕದಲ್ಲೇ ಇರಲಿಲ್ಲ. 40 ಲಕ್ಷಕ್ಕೆ ಅದೇ 80,000.

ಬೇರೆ ಬೇರೆ ಜನ ಇರುವ ಬೀದಿ ಎಂಬ ಮಾವನ ಹೆದರಿಕೆಯನ್ನೂ ನಾನು ತಳ್ಳಿಹಾಕಲಿಲ್ಲ. ಶಿವಮೊಗ್ಗದಲ್ಲಿ ಕೋಮು ಗಲಾಟೆ, ನಿಷೇಧಾಜ್ಞೆ ಕಂಡವರು ಅವರು. ಆದರೆ ಊರಿನ ಸುದ್ದಿ ಬೇರೆ, ಆ ಬೀದಿ ಬೇರೆ. ಸಂಜೆ ಹೊತ್ತು ಅವರನ್ನೇ ಕರೆದುಕೊಂಡು ಹೋಗಿ, ಅಂಗಡಿಯವರನ್ನ, ಅಕ್ಕಪಕ್ಕದ ಹೆಂಗಸರನ್ನ ಕೇಳಿ, ಗಲಾಟೆ ಆದ ದಿನ ಇಲ್ಲಿ ಹೇಗಿತ್ತು ಅಂತ ವಿಚಾರಿಸಿ ಎಂದೆ. ಹೋದರು. ಕಾರ್ಖಾನೆಯಿಂದ ನಿವೃತ್ತರಾದ, ಮನೆಮಾತು ತಮಿಳಿನ ಹಿರಿಯರೊಬ್ಬರು ಜಗುಲಿ ಮೇಲೆ ಕೂರಿಸಿ ಚಹಾ ಕೊಟ್ಟರಂತೆ. ಗೇಟಿನ ಪಕ್ಕ ಎರಡು ಅಡಿಕೆ ಸಸಿ ಇದ್ದವು. ಮಾವ ಎದ್ದು ಹೋಗಿ ಎಲೆ ಮಗುಚಿ, ಚುಕ್ಕಿ ತೋರಿಸಿ, ಯಾವ ಔಷಧಿ ಹೊಡೀಬೇಕು ಅಂತ ಹೇಳಿ ಬಂದರಂತೆ. ಮನಸ್ಸು ಪೂರ್ತಿ ಬದಲಾಗಿದೆ ಎನ್ನಲಾರೆ. “ಜನ ಪರವಾಗಿಲ್ಲ, ಕಾಗದ ಸರಿ ನೋಡ್ಕಳಿ” ಎಂದಿದ್ದಾರೆ.

ಕಾಗದವೇ ಸರಿ ಇರಲಿಲ್ಲ. ಪಂಚಾಯಿತಿ ವ್ಯಾಪ್ತಿಯ ಮನೆ, ಖಾತೆ ನಮೂನೆ 11ಬಿ. ಅಂದರೆ ಅನುಮೋದನೆ ಇಲ್ಲದ ಜಾಗ. ಬ್ಯಾಂಕಿನವರು ಹಿಂದೆ ಸರಿದರು. ಭೂಪರಿವರ್ತನೆ ಆದೇಶ, ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿದ ನಕ್ಷೆ, ಅನುಮೋದನೆ ಇರುವ ಜಾಗಕ್ಕೆ ಪಂಚಾಯಿತಿ ಕೊಡುವ ನಮೂನೆ 9 ಮತ್ತು 11ಎ, ಆಸ್ತಿ ಮೇಲೆ ಸಾಲ-ಋಣ ಇದೆಯಾ ಅಂತ ತೋರಿಸುವ ಇ.ಸಿ., ಇಷ್ಟನ್ನೂ ನಿಮ್ಮದೇ ವಕೀಲರಿಗೆ ತೋರಿಸದೆ ಒಂದು ರೂಪಾಯಿ ಮುಂಗಡ ಕೊಡಬೇಡಿ ಎಂದು ನಾನು ಮೊದಲೇ ಹೇಳಿದ್ದೆ. ಆ ಮನೆ ಬಿಟ್ಟರು. ಸುಮಾಗೆ ಬೇಜಾರಾಗಿದೆ, ಆದರೆ ಈ ಬೇಜಾರಿನಲ್ಲಿ ರಾಘು ಜೊತೆಗಿದ್ದಾರೆ. ಅದೇ ರಸ್ತೆಯಲ್ಲಿ ಚಿಕ್ಕದೊಂದು ಹುಡುಕುತ್ತಿದ್ದಾರೆ.

ಒಂದು ಕೆಲಸ ಬಾಕಿ ಇದೆ. ಆ 10 ಲಕ್ಷ ಉಡುಗೊರೆಯೋ ಸಾಲವೋ ಅಂತ ರಾಘು ಅಪ್ಪಯ್ಯನನ್ನು ನೇರವಾಗಿ ಕೇಳಬೇಕು. ತಂಗಿಗೂ ತಿಳಿಸಿ ಬರೆದಿಟ್ಟುಕೊಳ್ಳಬೇಕು. ಮನೆಯ ಕ್ರಯಪತ್ರದಲ್ಲಿ ಯಾರ ಹೆಸರು ಅನ್ನೋದನ್ನೂ ಅವತ್ತೇ ಮಾತಾಡಿ ಮುಗಿಸಬೇಕು. ಎರಡು ಸಲ ಊರಿಗೆ ಹೋಗಿ ಬಂದರೂ ರಾಘು ಇದನ್ನು ಕೇಳಿಲ್ಲ. ಮುಂದಿನ ಭೇಟಿಗೆ ಅಪ್ಪಯ್ಯನನ್ನೇ ಕರೆದುಕೊಂಡು ಬನ್ನಿ ಎಂದಿದ್ದೇನೆ.