ನನಗಿಂತ ತಡವಾಗಿ ಸಲ್ಲಿಸಿದವರ ಜಾಬ್ ಮೊದಲು ಓಡುವುದೇಕೆ?

ಸೂಪರ್‌ಕಂಪ್ಯೂಟರಿಗೆ ಸಲ್ಲಿಸಿದ ನಿಮ್ಮ ಜಾಬ್ (ಅದು ಓಡಿಸಬೇಕಾದ ಲೆಕ್ಕದ ಕೆಲಸ) ನಿನ್ನೆಯಿಂದ ಕಾಯುತ್ತಿದೆ, ಬೆಳಿಗ್ಗೆ ಸಲ್ಲಿಸಿದ ಸಹಪಾಠಿಯದು ಆಗಲೇ ಮುಗಿದಿದೆ ಎಂದಿದ್ದೀರಿ. ಇದು ಪಕ್ಷಪಾತವಲ್ಲ. ಸೂಪರ್‌ಕಂಪ್ಯೂಟರಿನ ಸರದಿ ರೇಷನ್ ಅಂಗಡಿಯ ಸಾಲಿನಂತಲ್ಲ, ಅಷ್ಟೇ.

ಸ್ಲರ್ಮ್‌ನಂಥ ಶೆಡ್ಯೂಲರ್, ಅಂದರೆ ಯಾವ ಜಾಬ್ ಯಾವಾಗ ಓಡಬೇಕೆಂದು ನಿರ್ಧರಿಸುವ ತಂತ್ರಾಂಶ, ಪ್ರತಿ ಜಾಬಿಗೂ ಆದ್ಯತೆಯ ಅಂಕ ಕೊಡುತ್ತದೆ. ಸಾಮಾನ್ಯವಾಗಿ ಕಾದಷ್ಟೂ ಅಂಕ ಏರುತ್ತದೆ. ಇತ್ತೀಚೆಗೆ ಯಂತ್ರವನ್ನು ಹೆಚ್ಚು ಬಳಸಿದ ಗುಂಪಿನದು ಇಳಿಯುತ್ತದೆ. ಆದರೆ ನಿಮ್ಮ ವಿಷಯದಲ್ಲಿ ನಡೆದದ್ದು ಬಹುಶಃ ಬ್ಯಾಕ್‌ಫಿಲ್, ಅಂದರೆ ಖಾಲಿ ಸಂದಿಗೆ ಚಿಕ್ಕ ಜಾಬ್ ತುಂಬುವುದು. ನೀವು 64 ನೋಡ್ (ಸೂಪರ್‌ಕಂಪ್ಯೂಟರಿನೊಳಗಿನ ಒಂದೊಂದು ಕಂಪ್ಯೂಟರ್) ಕೇಳಿದ್ದೀರಿ ಎನ್ನಿ. ಈಗ ಖಾಲಿ ಇರುವುದು 10, ಉಳಿದವು ಬಿಡುವಾಗುವುದು 6 ಗಂಟೆಗಳ ನಂತರ. ಅಲ್ಲಿಯವರೆಗೆ ಆ ಹತ್ತೂ ಸುಮ್ಮನೆ ಕೂರಬೇಕೇ? 2 ನೋಡ್, 3 ಗಂಟೆ ಸಾಕೆಂದ ಜಾಬನ್ನು ಶೆಡ್ಯೂಲರ್ ಆ ಸಂದಿಯಲ್ಲಿ ತೂರಿಸುತ್ತದೆ. ಲೆಕ್ಕದ ಪ್ರಕಾರ ನಿಮ್ಮ ಸರದಿ ಒಂದು ನಿಮಿಷವೂ ಹಿಂದೆ ಸರಿಯುವುದಿಲ್ಲ.

ಈ ಲೆಕ್ಕವೆಲ್ಲ ನಿಂತಿರುವುದು ಜಾಬ್ ಸಲ್ಲಿಸುವ ಸ್ಕ್ರಿಪ್ಟಿನಲ್ಲಿ (ಆದೇಶಗಳ ಕಡತದಲ್ಲಿ) ನೀವು ಬರೆಯುವ ಕಾಲಾವಧಿಯ ಮೇಲೆ. 4 ಗಂಟೆಯ ಕೆಲಸಕ್ಕೆ ಹೆದರಿ 72:00:00 (72 ಗಂಟೆ) ಎಂದು ಬರೆದರೆ ಅದು ಯಾವ ಸಂದಿಗೂ ಹಿಡಿಸುವುದಿಲ್ಲ. (ಬಹಳ ಜನ ಮಾಡುವುದು ಇದನ್ನೇ.) ತೀರಾ ಕಡಿಮೆ ಬರೆದರೂ ಕಷ್ಟ: ಅವಧಿ ಮೀರಿದರೆ ಶೆಡ್ಯೂಲರ್ ಜಾಬನ್ನು ಮುಲಾಜಿಲ್ಲದೆ ನಿಲ್ಲಿಸುತ್ತದೆ. ಹಿಂದಿನ ಓಟಕ್ಕೆ ಹಿಡಿದ ಸಮಯ ನೋಡಿ, ಅದರ ಮೇಲೆ ಕಾಲುಭಾಗ ಸೇರಿಸಿ ಕೇಳುವುದು ನನ್ನ ರೂಢಿ.