ಚಿಕ್ಕ ಟ್ರ್ಯಾಕ್ಟರಿನ ಲೋಡರ್‌ಗೆ ಕ್ವಿಕ್ ಅಟ್ಯಾಚ್ ಮತ್ತು ಪ್ಯಾಲೆಟ್ ಫೋರ್ಕ್ (ಸರಕು ಎತ್ತುವ ಎರಡು ಉದ್ದ ಕಬ್ಬಿಣದ ಹಲ್ಲುಗಳು) ಹಾಕುವುದು ಹೇಗೆ?

ಪಿನ್‌ನಲ್ಲಿ ಕೂರುವ ಬಕೆಟ್ ಇದ್ದರೂ ಹಾಕಬಹುದು, ಆದರೆ ಅಡಾಪ್ಟರ್ (ತೋಳಿಗೆ ಕೂರಿಸುವ ಕ್ವಿಕ್ ಅಟ್ಯಾಚ್ ಭಾಗ; ಬಕೆಟ್, ಫೋರ್ಕನ್ನು ಬೇಗ ಬದಲಿಸಲು) ಕೊಳ್ಳುವ ಮೊದಲು ಅಳತೆ ತೆಗೆಯಿರಿ: ಪಿನ್ ದಪ್ಪ, ತೋಳಿನ ತುದಿಯ ಅಗಲ, ಎರಡು ತೋಳುಗಳ ನಡುವಿನ ಅಂತರ, ತೋಳಿನ ಪಿನ್‌ನಿಂದ ಬಕೆಟ್ ಬಾಗಿಸುವ ಸಿಲಿಂಡರ್ ಪಿನ್‌ಗೆ ಇರುವ ದೂರ. ಈ ಕೊನೆಯದು ತಪ್ಪಿದರೆ ಫೋರ್ಕ್ ಸಾಕಷ್ಟು ಹಿಂದಕ್ಕೆ ಬಾಗುವುದಿಲ್ಲ.

ಬಕೆಟನ್ನು ಸಮನೆಲಕ್ಕಿಳಿಸಿ, ಎಂಜಿನ್ ಆರಿಸಿ, ಲೋಡರ್ ಲಿವರ್ ಆಡಿಸಿ ಹೈಡ್ರಾಲಿಕ್ ಒತ್ತಡ ಬಿಡಿ. ಆಮೇಲೆ ಪಿನ್ ತೆಗೆಯಿರಿ. ಅಡಾಪ್ಟರ್ ಕೂರಿಸುವಾಗ ರಂಧ್ರ ಹೊಂದಿದೆಯೇ ಎಂದು ಬೆರಳು ತೂರಿಸಬೇಡಿ. ತೋಳು ಕೂದಲೆಳೆಯಷ್ಟು ಜರುಗಿದರೂ ಬೆರಳು ತುಂಡಾಗಬಹುದು. ಸಡಿಲವಿದ್ದಲ್ಲಿ ವಾಷರ್ ಹಾಕಿ, ಗ್ರೀಸ್ ತುಂಬಿ.

ಫೋರ್ಕ್ ಸಿಕ್ಕಿಸಿದ ಮೇಲೆ ಅಡಾಪ್ಟರಿನ ಲಾಕ್ ಲಿವರ್ ಕೆಳಗೆ ಬಿದ್ದರೆ ಸಾಲದು. ಎರಡೂ ಲಾಕ್ ಪಿನ್ ಚೌಕಟ್ಟಿನ ಕೆಳರಂಧ್ರದಿಂದ ಹೊರಬಂದಿರುವುದು ಕಣ್ಣಿಗೆ ಕಾಣಬೇಕು. ಫೋರ್ಕಿನ ತುದಿಯನ್ನು ನೆಲಕ್ಕೆ ಮೆಲ್ಲಗೆ ಒತ್ತಿ. ಚೌಕಟ್ಟು ಬಿಟ್ಟುಕೊಂಡರೆ ಲಾಕ್ ಆಗಿಲ್ಲ. ಇಲ್ಲಿ ಕೂಡುವ ಮಣ್ಣು, ಕಲ್ಲೇ ಸಾಮಾನ್ಯ ಕಾರಣ.

ಹೆಚ್ಚಿನವರು ಎಡವುವುದು ಭಾರದ ಲೆಕ್ಕದಲ್ಲಿ. ಪಿನ್ ಹತ್ತಿರ 500 ಕೆಜಿ ಎತ್ತುವ ಲೋಡರ್‌ಗೆ ಅಡಾಪ್ಟರ್ 40, ಫೋರ್ಕ್ ಚೌಕಟ್ಟು 110 ಕೆಜಿ ಎಂದುಕೊಳ್ಳಿ: ಉಳಿದದ್ದು 350. ಸರಕಿನ ಭಾರಕೇಂದ್ರ ಅರ್ಧ ಮೀಟರಿಗೂ ಹೆಚ್ಚು ಮುಂದಿರುವುದರಿಂದ ನಿಜಕ್ಕೂ ಎತ್ತುವುದು ಇನ್ನೂ ಕಡಿಮೆ. ಕೈಪಿಡಿಯಲ್ಲಿ ಪಿನ್‌ನಿಂದ 500 ಮಿಮೀ ಮುಂದಿನ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಹಿಂಬದಿಗೆ ತೂಕ ಕಟ್ಟಲೇಬೇಕು, ಇಲ್ಲದಿದ್ದರೆ ಹಿಂಚಕ್ರ ಎದ್ದು ಬ್ರೇಕ್ ಹಿಡಿಯುವುದಿಲ್ಲ. ಸರಕು ಹೊತ್ತು ಸಾಗುವಾಗ ಫೋರ್ಕ್ ನೆಲದಿಂದ ಗೇಣೆತ್ತರದಲ್ಲಿರಲಿ, ತುದಿ ಸ್ವಲ್ಪ ಮೇಲಕ್ಕಿರಲಿ.