ಮುಸ್ಲಿಂ ಪ್ರಯಾಣಿಕರು ವಿದೇಶದಲ್ಲಿ ಹೋಟೆಲ್ ಆರಿಸುವಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಯಸ್ಸಾದ ತಾಯಿ, ಪತ್ನಿ ಮತ್ತು ಮಕ್ಕಳೊಂದಿಗೆ ಇದೇ ಮೊದಲ ಬಾರಿಗೆ ವಿದೇಶ ಪ್ರವಾಸಕ್ಕೆ ಹೊರಟಿದ್ದೇನೆ. ಹೋಟೆಲ್ ಹುಡುಕುವಾಗ ಕೆಲವು ಕಡೆ ‘ಹಲಾಲ್ ಹೋಟೆಲ್’ ಎಂದೂ ಕೆಲವು ಕಡೆ ‘ಮುಸ್ಲಿಂ ಸ್ನೇಹಿ’ ಎಂದೂ ಬರೆದಿರುತ್ತಾರೆ. ಇಂಥ ಬರಹಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಹೋಟೆಲುಗಳ ವಿಷಯದಲ್ಲಿ ಇಡೀ ಜಗತ್ತು ಒಪ್ಪಿಕೊಂಡ ಒಂದೇ ಮಾನದಂಡವಿಲ್ಲ. ಒಂದು ಹೋಟೆಲು ಕೋಣೆಯಲ್ಲಿ ಕಿಬ್ಲಾ (ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು) ಗುರುತು ಅಂಟಿಸಿ, ಕೇಳಿದವರಿಗೆ ನಮಾಜಿನ ಚಾಪೆ ಕೊಟ್ಟು ತನ್ನನ್ನು ಮುಸ್ಲಿಂ ಸ್ನೇಹಿ ಎಂದು ಕರೆದುಕೊಳ್ಳಬಹುದು. ಇನ್ನೊಂದು ಹೋಟೆಲು ಇಡೀ ಕಟ್ಟಡದಲ್ಲಿ ಮದ್ಯವನ್ನೇ ಇಡದೆ, ಅಡುಗೆಮನೆಗೆ ಪ್ರಮಾಣಪತ್ರ ಪಡೆದು, ಮಹಿಳೆಯರಿಗೆ ಪ್ರತ್ಯೇಕ ಈಜುಕೊಳ ಕಟ್ಟಿಸಿಯೂ ಅದೇ ಮಾತನ್ನು ಬಳಸಬಹುದು. ಆದ್ದರಿಂದ ಹಣೆಪಟ್ಟಿಯನ್ನು ನೋಡಿ ನಿರ್ಧರಿಸುವ ಬದಲು, ನಿಮ್ಮ ಕುಟುಂಬಕ್ಕೆ ಯಾವುದಿಲ್ಲದೆ ಆಗದು, ಯಾವುದು ಇದ್ದರೆ ಒಳ್ಳೆಯದು, ಯಾವುದಕ್ಕೆ ನೀವೇ ವ್ಯವಸ್ಥೆ ಮಾಡಿಕೊಳ್ಳಬಲ್ಲಿರಿ ಎಂಬುದನ್ನು ಮನೆಯವರೆಲ್ಲ ಕೂತು ಮೊದಲೇ ತೀರ್ಮಾನಿಸಿಕೊಳ್ಳಿ. ನಿಮ್ಮ ತಾಯಿಯವರಿಗೆ ಶೌಚಾಲಯದಲ್ಲಿ ನೀರಿನ ಸೌಲಭ್ಯ ಎಲ್ಲಕ್ಕಿಂತ ಮುಖ್ಯವಾಗಿರಬಹುದು, ಪತ್ನಿಗೆ ಈಜುಕೊಳದ ಮರೆ ಮುಖ್ಯವಾಗಿರಬಹುದು. ಹಲಾಲ್ ಎಂಬ ಒಂದು ಬರಹ ಇವೆರಡಕ್ಕೂ ಉತ್ತರ ಕೊಡುವುದಿಲ್ಲ.

ಹಾಗೆಂದು ಎಲ್ಲ ಗುರುತುಗಳನ್ನೂ ತಳ್ಳಿಹಾಕಬೇಕಿಲ್ಲ. ಮಲೇಷ್ಯಾದಲ್ಲಿ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿರುವ ಇಸ್ಲಾಮಿಕ್ ಟೂರಿಸಂ ಸೆಂಟರ್ ಹೋಟೆಲುಗಳನ್ನು ಪರಿಶೀಲಿಸಿ ಮಾನ್ಯತೆ ನೀಡುತ್ತದೆ. ಮುಸ್ಲಿಂ ಸ್ನೇಹಿ ಆತಿಥ್ಯ ಸೇವೆಗಳಿಗೆಂದೇ ಆ ದೇಶ 2015ರಲ್ಲಿ ರಾಷ್ಟ್ರೀಯ ಮಾನದಂಡವೊಂದನ್ನು ರೂಪಿಸಿದೆ. ಸಿಂಗಪುರ ಮೂಲದ ಕ್ರೆಸೆಂಟ್‌ರೇಟಿಂಗ್ ಸಂಸ್ಥೆ 2008ರಿಂದ ಈ ಕ್ಷೇತ್ರದಲ್ಲಿದ್ದು, ಮಾಸ್ಟರ್‌ಕಾರ್ಡ್ ಜೊತೆ ಸೇರಿ 2015ರಿಂದ ಮುಸ್ಲಿಂ ಪ್ರವಾಸಿಗರ ದೃಷ್ಟಿಯಿಂದ ದೇಶಗಳ ಶ್ರೇಯಾಂಕ ಪಟ್ಟಿಯನ್ನು ಪ್ರಕಟಿಸುತ್ತಿದೆ. ಆದರೆ ಈ ಪಟ್ಟಿ ಅಳೆಯುವುದು ದೇಶವನ್ನೇ ಹೊರತು ನೀವು ಮಲಗುವ ಕೋಣೆಯನ್ನಲ್ಲ. ಪಟ್ಟಿಯಲ್ಲಿ ಮೇಲಿರುವ ದೇಶದಲ್ಲಿಯೂ ನಿಮಗೆ ಒಗ್ಗದ ಹೋಟೆಲು ಸಿಗಬಹುದು, ಕೆಳಗಿರುವ ದೇಶದಲ್ಲಿಯೂ ಎಲ್ಲ ರೀತಿಯಿಂದ ಅನುಕೂಲವಾದದ್ದು ಸಿಗಬಹುದು. ಹಲಾಲ್‌ಬುಕಿಂಗ್‌ನಂಥ ಹೋಟೆಲ್ ಕಾಯ್ದಿರಿಸುವ ಜಾಲತಾಣಗಳಲ್ಲಿ ಮದ್ಯ ಇದೆಯೇ, ಮಹಿಳೆಯರ ಕೊಳ ಪೂರ್ತಿ ಮರೆಯಲ್ಲಿದೆಯೇ ಎಂಬಂಥ ವಿವರಗಳನ್ನು ಬಿಡಿಬಿಡಿಯಾಗಿ ಕೊಟ್ಟಿರುತ್ತಾರೆ. ನನ್ನ ದೃಷ್ಟಿಯಲ್ಲಿ ನಕ್ಷತ್ರಗಳ ಸಂಖ್ಯೆಗಿಂತ ಇಂಥ ಬಿಡಿ ವಿವರಗಳೇ ಹೆಚ್ಚು ಉಪಯುಕ್ತ.

ಹೋಟೆಲಿಗೆ ಇ-ಮೇಲ್ ಬರೆಯುವಾಗ ‘ನಿಮ್ಮಲ್ಲಿ ಹಲಾಲ್ ಆಹಾರ ಸಿಗುತ್ತದೆಯೇ’ ಎಂದಷ್ಟೇ ಕೇಳಿದರೆ, ಮಾಂಸವಿಲ್ಲದ ತಿಂಡಿ ಇದೆಯೆಂಬ ಕಾರಣಕ್ಕೇ ‘ಸಿಗುತ್ತದೆ’ ಎಂಬ ಉತ್ತರ ಬರಬಹುದು. ಅದರ ಬದಲು ಹೀಗೆ ಕೇಳಿ: ಮಾಂಸ ಯಾವ ಸಂಸ್ಥೆಯಿಂದ ಪ್ರಮಾಣಿತವಾದದ್ದು? ಪ್ರಮಾಣಪತ್ರ ಯಾವ ಅಡುಗೆಮನೆಗೆ ಅನ್ವಯಿಸುತ್ತದೆ, ಅದರ ಅವಧಿ ಯಾವಾಗ ಮುಗಿಯುತ್ತದೆ? ಅದೇ ಬಾಣಲೆ, ಅದೇ ಎಣ್ಣೆಯಲ್ಲಿ ಹಂದಿಮಾಂಸವನ್ನೂ ಬೇಯಿಸುತ್ತೀರಾ? ಉತ್ತರ ಬರವಣಿಗೆಯಲ್ಲಿಯೇ ಬರಲಿ. ಅದನ್ನು ಮೊಬೈಲ್‌ನಲ್ಲಿ ಉಳಿಸಿಕೊಂಡರೆ, ರಿಸೆಪ್ಷನ್‌ನಲ್ಲಿ ಬೇರೆ ಸಿಬ್ಬಂದಿ ಇದ್ದಾಗ ತೋರಿಸಲು ಅನುಕೂಲವಾಗುತ್ತದೆ.

ಪ್ರಶ್ನೆ: ಹಲಾಲ್ ಪ್ರಮಾಣಪತ್ರವಿಲ್ಲದ ಹೋಟೆಲಿನಲ್ಲಿ ಉಳಿಯಬೇಕಾಗಿ ಬಂದರೆ ಬೆಳಗಿನ ತಿಂಡಿಗೆ ಏನು ಮಾಡಬೇಕು? ಸಸ್ಯಾಹಾರ ತಿಂದರೆ ಸಾಕಲ್ಲವೇ?

ಉತ್ತರ: ಬಹುಮಟ್ಟಿಗೆ ಸಾಕು, ಆದರೆ ಕಣ್ಣು ಮುಚ್ಚಿ ನಂಬುವಂತಿಲ್ಲ. ಬಫೆ ಮೇಜನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ತೊಡಕು ಎಲ್ಲಿದೆ ಎಂಬುದು ತಿಳಿಯುತ್ತದೆ. ಕೋಳಿಮಾಂಸದ ಸಾಸೇಜ್ ಎಂದು ಬರೆದಿದ್ದರೂ ಅದರ ಹೊರಪದರ ಹಂದಿಯ ಕರುಳಿನದ್ದಾಗಿರಬಹುದು. ಆಮ್ಲೆಟ್ ಹಾಕುವ ಕಾವಲಿಯ ಮೇಲೆಯೇ ಸ್ವಲ್ಪ ಹೊತ್ತಿನ ಮುಂಚೆ ಬೇಕನ್ ಹುರಿದಿರಬಹುದು. ಆಲೂಗಡ್ಡೆಯ ತಿನಿಸುಗಳನ್ನು ಕರಿದ ಎಣ್ಣೆಯೂ ಹಾಗೆಯೇ. ಪಕ್ಕಪಕ್ಕದ ತಟ್ಟೆಗಳಿಗೆ ಒಂದೇ ಇಕ್ಕಳ ಬಳಸುವುದು ಸಾಮಾನ್ಯ. ಕೆಲವು ಬಗೆಯ ಮೊಸರು ಮತ್ತು ಸಿಹಿತಿನಿಸುಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ, ಕೆಲವು ಪೇಸ್ಟ್ರಿಗಳಲ್ಲಿ ಬೆಣ್ಣೆಯ ಬದಲು ಹಂದಿಯ ಕೊಬ್ಬು ಇರುತ್ತದೆ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸ್ ತಯಾರಿಸುವಾಗ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ತಿರಾಮಿಸುವಿನಲ್ಲಿ ಮದ್ಯ ಬೆರೆಸುವುದು ವಾಡಿಕೆ. ಜಪಾನಿನಲ್ಲಿ ಮೀನು, ತರಕಾರಿಗಳ ಸಾರಿಗೂ ಮಿರಿನ್ ಅಥವಾ ಸಾಕೆ ಎಂಬ ಅಕ್ಕಿಯ ಮದ್ಯವನ್ನು ಸೇರಿಸಿರುತ್ತಾರೆ.

ಸಿಪ್ಪೆ ಸಮೇತ ಬೇಯಿಸಿದ ಮೊಟ್ಟೆ, ಇಡೀ ಹಣ್ಣು, ಹಾಲು, ಪೊಟ್ಟಣದಲ್ಲಿ ಬರುವ ಬೆಣ್ಣೆ ಮತ್ತು ಜಾಮ್, ಪದಾರ್ಥಗಳ ಪಟ್ಟಿ ಇರುವ ಬ್ರೆಡ್, ಇವಿಷ್ಟು ಎಲ್ಲಿ ಹೋದರೂ ಸಿಗುತ್ತವೆ. ಆಮ್ಲೆಟ್ ಬೇಕಿದ್ದರೆ ತೊಳೆದ ಬೇರೆ ಬಾಣಲೆಯಲ್ಲಿ ಹಾಕಿಕೊಡುವಂತೆ ಅಡುಗೆಯವರನ್ನು ಕೇಳಿಕೊಳ್ಳಿ. ಆಹಾರದ ಅಲರ್ಜಿ ಇರುವ ಅತಿಥಿಗಳಿಗಾಗಿ ಹೀಗೆ ಪ್ರತ್ಯೇಕವಾಗಿ ಬೇಯಿಸಿಕೊಡುವ ಅಭ್ಯಾಸ ಬಹಳಷ್ಟು ಹೋಟೆಲುಗಳಿಗೆ ಇರುವುದರಿಂದ, ಈ ಕೋರಿಕೆಯನ್ನು ಸಾಮಾನ್ಯವಾಗಿ ತಳ್ಳಿಹಾಕುವುದಿಲ್ಲ.

ಪ್ರಮಾಣಪತ್ರ ಇದ್ದಾಗಲೂ ಅದನ್ನು ಓದಿ ನೋಡಬೇಕು. ಒಂದೇ ಹೋಟೆಲಿನಲ್ಲಿ ಮೂರು ರೆಸ್ಟೋರೆಂಟ್‌ಗಳಿದ್ದು, ಅವುಗಳಲ್ಲಿ ಒಂದಕ್ಕೆ ಮಾತ್ರ ಪ್ರಮಾಣಪತ್ರ ದೊರೆತಿರುವುದು ಉಂಟು. ಮಲೇಷ್ಯಾದಲ್ಲಿ ಸರ್ಕಾರದ ಇಸ್ಲಾಮಿಕ್ ಅಭಿವೃದ್ಧಿ ಇಲಾಖೆಯಾದ ಜಾಕಿಂ, ಸಿಂಗಪುರದಲ್ಲಿ ಇಸ್ಲಾಮಿಕ್ ಧಾರ್ಮಿಕ ಮಂಡಳಿಯಾದ ಮುಯಿಸ್, ಥಾಯ್ಲೆಂಡಿನಲ್ಲಿ ಸೆಂಟ್ರಲ್ ಇಸ್ಲಾಮಿಕ್ ಕೌನ್ಸಿಲ್ ಹಲಾಲ್ ಪ್ರಮಾಣಪತ್ರ ಕೊಡುತ್ತವೆ. ‘ಹಂದಿಮಾಂಸ ಇಲ್ಲ, ಹಂದಿಯ ಕೊಬ್ಬು ಇಲ್ಲ’ ಎಂಬ ಫಲಕ ಮಾತ್ರ ಕಂಡರೆ ಅದು ಪ್ರಮಾಣಪತ್ರವಲ್ಲ, ಮಾಂಸದ ಮೂಲದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ದಕ್ಷಿಣ ಕೊರಿಯಾದ ಪ್ರವಾಸೋದ್ಯಮ ಸಂಸ್ಥೆ ರೆಸ್ಟೋರೆಂಟ್‌ಗಳನ್ನು ಪ್ರಮಾಣಿತ, ಸ್ವಯಂಘೋಷಿತ, ಮುಸ್ಲಿಂ ಸ್ನೇಹಿ ಮತ್ತು ಹಂದಿಮಾಂಸರಹಿತ ಎಂದು ಬೇರೆಬೇರೆಯಾಗಿ ವರ್ಗೀಕರಿಸುತ್ತದೆ. ಇಷ್ಟು ಸ್ಪಷ್ಟತೆ ಬೇರೆ ದೇಶಗಳಲ್ಲಿಯೂ ಇದ್ದಿದ್ದರೆ ಪ್ರಯಾಣಿಕರ ಅರ್ಧದಷ್ಟು ಆತಂಕ ಕಡಿಮೆಯಾಗುತ್ತಿತ್ತು. ಬ್ರಿಟನ್ನಿನಲ್ಲಿ ಹಲಾಲ್ ಪ್ರಮಾಣಪತ್ರ ಕೊಡುವ ಎರಡು ಪ್ರಮುಖ ಸಂಸ್ಥೆಗಳಲ್ಲಿ ಎಚ್‌ಎಫ್‌ಎ (ಹಲಾಲ್ ಫುಡ್ ಅಥಾರಿಟಿ) ವಧೆಗೆ ಮುನ್ನ ಪ್ರಾಣಿಯನ್ನು ಪ್ರಜ್ಞೆ ತಪ್ಪಿಸುವ ಕ್ರಮವನ್ನು ಷರತ್ತುಗಳೊಂದಿಗೆ ಒಪ್ಪುತ್ತದೆ, ಎಚ್‌ಎಂಸಿ (ಹಲಾಲ್ ಮಾನಿಟರಿಂಗ್ ಕಮಿಟಿ) ಒಪ್ಪುವುದಿಲ್ಲ. ಸಮುದ್ರದ ಆಹಾರದ ವಿಷಯದಲ್ಲಿಯೂ ಹನಫಿ ಮತ್ತು ಶಾಫಿ ಪಂಥಗಳ ನಿಲುವು ಬೇರೆಬೇರೆ. ಇಂಥವುಗಳನ್ನು ನೀವು ನಂಬುವ ಉಲಮಾಗಳ (ಧಾರ್ಮಿಕ ವಿದ್ವಾಂಸರ) ಬಳಿ ಹೊರಡುವ ಮುನ್ನವೇ ಕೇಳಿ ತಿಳಿದುಕೊಳ್ಳುವುದು ಲೇಸು. ಹಸಿದ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಊಟದ ಮೇಜಿನ ಮುಂದೆ ತೀರ್ಮಾನಿಸುವ ವಿಷಯಗಳಲ್ಲ ಇವು.

ಕುಟುಂಬ ಸಮೇತ ನಾಲ್ಕಾರು ದಿನ ಒಂದೇ ಊರಿನಲ್ಲಿ ತಂಗುವುದಾದರೆ ನಾನು ಮೊದಲು ಸೂಚಿಸುವುದು ಪುಟ್ಟ ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟನ್ನು. ಮಸೀದಿಯ ಸುತ್ತಮುತ್ತಲ ಬೀದಿಗಳಲ್ಲಿ ಹಲಾಲ್ ಅಂಗಡಿ, ಊಟದ ಮನೆಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. 1976ರಲ್ಲಿ ಆರಂಭವಾದ ಸೋಲ್ ನಗರದ ಕೇಂದ್ರ ಮಸೀದಿ ಇರುವ ಇಟೇವಾನ್ ಬಡಾವಣೆ ಮತ್ತು ಸಿಂಗಪುರದ ಸುಲ್ತಾನ್ ಮಸೀದಿಯ ಕಾಂಪೊಂಗ್ ಗ್ಲಾಂ ಪ್ರದೇಶ ಇದಕ್ಕೆ ಒಳ್ಳೆಯ ಉದಾಹರಣೆಗಳು. ಅಂಥ ಜಾಗದ ಸಾಧಾರಣ ಕೋಣೆ, ಊರ ಹೊರಗಿರುವ ಐಷಾರಾಮಿ ಹೋಟೆಲಿಗಿಂತ ಹೆಚ್ಚು ನೆಮ್ಮದಿ ಕೊಡುತ್ತದೆ.

ಪ್ರಶ್ನೆ: ಶೌಚಾಲಯದಲ್ಲಿ ನೀರು, ವುಝೂ (ನಮಾಜಿಗೆ ಮುನ್ನ ಕೈ, ಮುಖ, ಕಾಲು ತೊಳೆಯುವುದು), ಕೋಣೆಯಲ್ಲಿ ನಮಾಜ್, ಇವುಗಳ ಬಗ್ಗೆ ಮೊದಲೇ ವಿಚಾರಿಸುವುದು ಹೇಗೆ?

ಉತ್ತರ: ಕೋಣೆಯ ಫೋಟೋಗಳಲ್ಲಿ ಸ್ನಾನದ ಮನೆಯದ್ದನ್ನು ದೊಡ್ಡದು ಮಾಡಿ ನೋಡಿ. ಆಗ್ನೇಯ ಏಷ್ಯಾದ ದೇಶಗಳಲ್ಲಿ ಕಮೋಡ್ ಪಕ್ಕದಲ್ಲಿ ಕೈ ಶವರ್ ಇರುವುದು ಸಾಮಾನ್ಯ. ಇಟಲಿಯಲ್ಲಿ ಬಿಡೆ ಎಂಬ ತಗ್ಗು ತೊಟ್ಟಿ ಇರುತ್ತದೆ. ಅಲ್ಲಿ ಮನೆಗಳಲ್ಲಿಯೂ ಅದು ಇರಬೇಕೆಂಬ ನಿಯಮವನ್ನು 1975ರಲ್ಲಿ ತಂದರು. ಜಪಾನಿನಲ್ಲಿ ಗುಂಡಿ ಒತ್ತಿದರೆ ನೀರು ಚಿಮ್ಮುವ ಕಮೋಡ್ ಇರುತ್ತದೆ. ಬ್ರಿಟನ್, ಅಮೆರಿಕದ ಹೋಟೆಲುಗಳಲ್ಲಿ ಬಹಳಷ್ಟು ಕಡೆ ಕಾಗದ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಂಥಲ್ಲಿಗೆ ಹೋಗುವವರು ಹಿಂಡಿದರೆ ನೀರು ಬರುವ ಪುಟ್ಟ ಪ್ರಯಾಣದ ಬಾಟಲಿಯನ್ನು ಜೊತೆಗೊಯ್ಯಬೇಕು; ಖಾಲಿ ಇದ್ದರೆ ವಿಮಾನದ ಕೈಚೀಲದಲ್ಲಿಯೂ ಅದಕ್ಕೆ ಅಡ್ಡಿಯಿಲ್ಲ.

ವುಝೂ ಮಾಡುವಾಗ ಕಷ್ಟವಾಗುವುದು ಕಾಲು ತೊಳೆಯುವ ಹಂತದಲ್ಲಿ. ಅನೇಕ ದೇಶಗಳ ಸ್ನಾನದ ಮನೆಗಳಲ್ಲಿ ಶವರ್ ಜಾಗ ಬಿಟ್ಟರೆ ನೆಲದಲ್ಲಿ ನೀರು ಹೋಗುವ ಕಿಂಡಿಯೇ ಇರುವುದಿಲ್ಲ. ಬೇಸಿನ್ ಬಳಿ ಚೆಲ್ಲಿದ ನೀರು ಅಲ್ಲೇ ನಿಂತು ನೆಲ ಜಾರುತ್ತದೆ. ವಯಸ್ಸಾದವರು ಒಂದು ಕಾಲನ್ನು ಬೇಸಿನ್ ಮೇಲೆತ್ತಿ ತೊಳೆಯಲು ಹೋಗುವುದು ಅಪಾಯಕಾರಿ. ಅವರಿಗಾಗಿ ನೆಲಮಟ್ಟದ ಶವರ್ ಮತ್ತು ಕೂರಲು ಸ್ಟೂಲ್ ಇರುವ ಕೋಣೆಯನ್ನು ಕೇಳಿ. ಚಲನೆಯ ತೊಂದರೆ ಇರುವವರಿಗೆಂದು ರೂಪಿಸಿದ ಬಹಳಷ್ಟು ಕೋಣೆಗಳಲ್ಲಿ ಇವೆರಡೂ ಇರುತ್ತವೆ.

ಮಲೇಷ್ಯಾ, ಇಂಡೋನೇಷ್ಯಾದ ಹೋಟೆಲುಗಳಲ್ಲಿ ಕೋಣೆಯ ಚಾವಣಿಗೋ ಮೇಜಿನ ಡ್ರಾಯರ್ ಒಳಗೋ ಕಿಬ್ಲಾ ಬಾಣ ಅಂಟಿಸಿರುತ್ತಾರೆ. ಉಳಿದ ಕಡೆ ಮೊಬೈಲ್ ದಿಕ್ಸೂಚಿಯೇ ಗತಿ, ಆದರೆ ಕಟ್ಟಡದ ಕಬ್ಬಿಣದಿಂದ ಅದರ ಮುಳ್ಳು ದಾರಿ ತಪ್ಪುವುದುಂಟು. ಕಿಟಕಿಯ ಬಳಿ ನಿಂತು, ನಕಾಶೆಯ ಆ್ಯಪ್‌ನಲ್ಲಿ ಎದುರಿನ ರಸ್ತೆಯನ್ನು ಕಿಬ್ಲಾ ರೇಖೆಯೊಂದಿಗೆ ಹೋಲಿಸಿ ನೋಡುವುದು ಹೆಚ್ಚು ಭರವಸೆಯ ವಿಧಾನ. ಭೂಮಿ ದುಂಡಗಿರುವುದರಿಂದ ಕಿಬ್ಲಾ ದಿಕ್ಕು ಚಪ್ಪಟೆ ನಕಾಶೆ ನೋಡಿ ಊಹಿಸಿದಂತೆ ಇರುವುದಿಲ್ಲ. ಮಕ್ಕಾ ನಗರವು ನ್ಯೂಯಾರ್ಕ್‌ಗಿಂತ ಎಷ್ಟೋ ದಕ್ಷಿಣದಲ್ಲಿದ್ದರೂ ನ್ಯೂಯಾರ್ಕ್‌ನಿಂದ ಕಿಬ್ಲಾ ಈಶಾನ್ಯಕ್ಕೆ, ಉತ್ತರದಿಂದ ಸುಮಾರು 58 ಡಿಗ್ರಿಗೆ ಬರುತ್ತದೆ. ಲಂಡನ್ನಿನಿಂದ ಸುಮಾರು 119 ಡಿಗ್ರಿಗೆ, ಅಂದರೆ ಆಗ್ನೇಯಕ್ಕೆ.

ಕೋಣೆಯ ಮಿನಿಬಾರ್‌ನಲ್ಲಿ ಮದ್ಯ ಇರುವುದು ಇಷ್ಟವಿಲ್ಲದಿದ್ದರೆ, ನೀವು ತಲುಪುವ ಮುನ್ನವೇ ಅದನ್ನು ಖಾಲಿ ಮಾಡಿಸುವಂತೆ ಬರೆಯಿರಿ. ಬಾಟಲಿಗಳನ್ನು ನೀವೇ ಎತ್ತಿ ಹೊರಗಿಡಬೇಡಿ, ಏಕೆಂದರೆ ಕೆಲವು ಮಿನಿಬಾರ್‌ಗಳಲ್ಲಿ ವಸ್ತು ಸರಿದ ಕೂಡಲೇ ಬಿಲ್ಲಿಗೆ ಹಣ ಸೇರಿಸುವ ಸೆನ್ಸರ್ ಇರುತ್ತದೆ.

ಪ್ರಶ್ನೆ: ಮುಸ್ಲಿಮರೇ ಬಹುಸಂಖ್ಯಾತರಾಗಿರುವ ದೇಶಕ್ಕೆ ಹೋಗುವುದಾದರೆ ಇಷ್ಟೆಲ್ಲ ವಿಚಾರಿಸಬೇಕೇ?

ಉತ್ತರ: ಹಲಾಲ್ ಊಟದ ಚಿಂತೆ ಬಹುಪಾಲು ಕಡಿಮೆಯಾಗುತ್ತದೆ, ಆದರೆ ಉಳಿದದ್ದನ್ನು ವಿಚಾರಿಸಲೇಬೇಕು. ಇಸ್ತಾಂಬುಲ್ ಮತ್ತು ದುಬೈನ ಎಷ್ಟೋ ದೊಡ್ಡ ಹೋಟೆಲುಗಳಲ್ಲಿ ಬಾರ್ ಇದೆ, ಈಜುಕೊಳ ಗಂಡಸರು ಹೆಂಗಸರಿಗೆ ಒಟ್ಟಿಗೇ ಇದೆ. ದುಬೈನ ಕೆಲವು ಹೋಟೆಲುಗಳಲ್ಲಿ ಮುಸ್ಲಿಮೇತರ ಅತಿಥಿಗಳಿಗೆಂದು ಪ್ರತ್ಯೇಕವಾಗಿ ಹಂದಿಮಾಂಸವನ್ನೂ ಬಡಿಸುತ್ತಾರೆ. ಇಂಡೋನೇಷ್ಯಾದಲ್ಲಿ ‘ಶರಿಯಾ ಹೋಟೆಲ್’ ಎಂದು ಕರೆದುಕೊಳ್ಳುವ ಕಡೆ ದಂಪತಿಗಳಿಂದ ಮದುವೆಯ ದಾಖಲೆ ಕೇಳಬಹುದು. ಅದರ ಪ್ರತಿ ಜೊತೆಯಲ್ಲಿರಲಿ.

ಪ್ರಶ್ನೆ: ರಂಜಾನ್ ತಿಂಗಳಲ್ಲಿ ಕೆಲಸದ ಮೇಲೆ ಹೊರದೇಶದಲ್ಲಿ ಇರಬೇಕಾಗಿದೆ. ಸಹರಿಗೆ (ಉಪವಾಸ ಶುರುವಾಗುವ ಮುಂಚಿನ ಬೆಳಗಿನ ಜಾವದ ಊಟಕ್ಕೆ) ಹೋಟೆಲಿನವರು ಏನಾದರೂ ವ್ಯವಸ್ಥೆ ಮಾಡುತ್ತಾರೆಯೇ?

ಉತ್ತರ: ಕೇಳಿದರೆ ಮಾಡುವವರೇ ಹೆಚ್ಚು. ಬೆಳಗಿನ ತಿಂಡಿ ಸಾಮಾನ್ಯವಾಗಿ ಆರೂವರೆ, ಏಳು ಗಂಟೆಗೆ ಶುರುವಾಗುವುದರಿಂದ ಅದು ನಿಮ್ಮ ಉಪಯೋಗಕ್ಕೆ ಬರುವುದು ಕಷ್ಟ. ಆದರೆ ಬೆಳಗಿನ ಜಾವದ ವಿಮಾನ ಹಿಡಿಯುವ ಅತಿಥಿಗಳಿಗೆ ಹಿಂದಿನ ರಾತ್ರಿಯೇ ತಿಂಡಿಯನ್ನು ಕಟ್ಟಿಕೊಡುವ ಪದ್ಧತಿ ಬಹಳ ಹೋಟೆಲುಗಳಲ್ಲಿದೆ. ಅದನ್ನೇ ನಿಮಗೂ ಪ್ರತಿ ರಾತ್ರಿ ಕೋಣೆಗೆ ಕಳಿಸುವಂತೆ, ಅದರಲ್ಲಿ ಏನಿರಬೇಕೆಂಬುದನ್ನೂ ಸೇರಿಸಿ ಬರೆಯಿರಿ. ಕೋಣೆಯಲ್ಲಿ ಫ್ರಿಜ್ ಮತ್ತು ನೀರು ಕಾಯಿಸುವ ಕೆಟಲ್ ಇರುವುದನ್ನು ಖಚಿತಪಡಿಸಿಕೊಳ್ಳಿ. ಉತ್ತರ ಯೂರೋಪಿನಲ್ಲಿ ಬೇಸಿಗೆಯ ರಾತ್ರಿಗಳಲ್ಲಿ ಪೂರ್ತಿ ಕತ್ತಲಾಗದೆ ಫಜ್ರ್ (ಮುಂಜಾವಿನ ನಮಾಜ್) ಸಮಯದ ಲೆಕ್ಕಾಚಾರದಲ್ಲಿಯೇ ಭಿನ್ನಾಭಿಪ್ರಾಯಗಳಿರುವುದರಿಂದ, ಅಲ್ಲಿದ್ದಾಗ ಯಾವುದೇ ತಿಂಗಳಲ್ಲಾದರೂ ಆ್ಯಪ್‌ಗಿಂತ ಸ್ಥಳೀಯ ಮಸೀದಿಯ ವೇಳಾಪಟ್ಟಿಯನ್ನು ಅನುಸರಿಸುವುದು ಉತ್ತಮ. ಶುಕ್ರವಾರ ಕೋಣೆ ಬಿಡುವುದಿದ್ದರೆ ಜುಮಾ (ಶುಕ್ರವಾರದ ಸಾಮೂಹಿಕ ನಮಾಜ್) ಮುಗಿಸಿ ಬರುವವರೆಗೆ ಸಾಮಾನನ್ನು ರಿಸೆಪ್ಷನ್‌ನಲ್ಲಿಯೇ ಇಟ್ಟು ಹೋಗಬಹುದು.

ಪ್ರಶ್ನೆ: ಮಹಿಳೆಯರಿಗೆ ಪ್ರತ್ಯೇಕ ಈಜುಕೊಳ ಇದೆ ಎಂದು ಹೋಟೆಲಿನವರು ಹೇಳಿದರೆ ಸಾಕೇ? ನಾನು ಪರ್ದಾ ಪಾಲಿಸುವವಳು.

ಉತ್ತರ: ಸಾಲದು. ಕೊಳ ದಿನವಿಡೀ ಮಹಿಳೆಯರದ್ದೇ ಅಥವಾ ದಿನಕ್ಕೆ ಒಂದೆರಡು ಗಂಟೆ ಮಾತ್ರವೇ ಎಂದು ಮೊದಲು ಕೇಳಿ. ಅಲ್ಲಿ ಕೆಲಸ ಮಾಡುವ ಜೀವರಕ್ಷಕರು ಮತ್ತು ಟವೆಲ್ ಕೊಡುವವರು ಮಹಿಳೆಯರೇ, ಮೇಲಿನ ಮಹಡಿಯ ಬಾಲ್ಕನಿಗಳಿಂದ ಕೊಳ ಕಾಣುತ್ತದೆಯೇ, ಕ್ಯಾಮೆರಾ ಇರುವ ಮೊಬೈಲ್‌ಗಳನ್ನು ಬಾಗಿಲಲ್ಲೇ ತೆಗೆದಿಡಿಸುತ್ತಾರೆಯೇ, ಎಷ್ಟು ವಯಸ್ಸಿನವರೆಗಿನ ಗಂಡು ಮಕ್ಕಳನ್ನು ಒಳಗೆ ಬಿಡುತ್ತಾರೆ ಎಂಬುದನ್ನೂ ಕೇಳಬೇಕು. ಟರ್ಕಿಯ ಅಂಟಾಲ್ಯಾ, ಅಲಾನ್ಯಾ ಕರಾವಳಿಯಲ್ಲಿ ಇವೆಲ್ಲವನ್ನೂ ಕಟ್ಟುನಿಟ್ಟಾಗಿ ಪಾಲಿಸುವ ಹೋಟೆಲುಗಳಿವೆ. ಆದರೆ ಅಲ್ಲಿ ಕೂಡ ಹೊರಗಿನ ಕೊಳ ಚಳಿಗಾಲದಲ್ಲಿ ಮುಚ್ಚಿರಬಹುದಾದ್ದರಿಂದ ನೀವು ಹೋಗುವ ತಿಂಗಳನ್ನು ಹೆಸರಿಸಿಯೇ ಕೇಳಿ. ಇಂಥ ವ್ಯವಸ್ಥೆ ಇಲ್ಲದ ಕಡೆ ಮೈ ಮುಚ್ಚುವ ಈಜುಡುಗೆಗೆ ಅವಕಾಶವಿದೆಯೇ ಎಂದು ವಿಚಾರಿಸಿ. ಫ್ರಾನ್ಸಿನ ಬಹಳಷ್ಟು ಸಾರ್ವಜನಿಕ ಕೊಳಗಳಲ್ಲಿ ಅದಕ್ಕೆ ಅನುಮತಿ ಇಲ್ಲ, ಖಾಸಗಿ ಹೋಟೆಲುಗಳು ತಮ್ಮ ತಮ್ಮ ನಿಯಮ ಮಾಡಿಕೊಂಡಿರುತ್ತವೆ. ಜರ್ಮನಿ ಮತ್ತು ಆಸ್ಟ್ರಿಯಾದ ಹೋಟೆಲುಗಳ ಸೌನಾಗಳಲ್ಲಿ ಗಂಡಸರು ಹೆಂಗಸರು ಒಟ್ಟಿಗೆ ಬಟ್ಟೆಯಿಲ್ಲದೆ ಕೂರುವುದು ರೂಢಿ. ಈಜುಕೊಳಕ್ಕೆ ಹೋಗುವ ದಾರಿ ಆ ವಿಭಾಗದ ಮೂಲಕವೇ ಇರುವುದುಂಟು. ಆ ದೇಶಗಳಿಗೆ ಹೋಗುವುದಾದರೆ ಇದನ್ನೂ ಮರೆಯದೆ, ಸಂಕೋಚವಿಲ್ಲದೆ ಕೇಳಿ. ಅಲ್ಲಿನವರು ತಪ್ಪು ತಿಳಿಯದೆ ನೇರವಾಗಿ ಉತ್ತರಿಸುತ್ತಾರೆ.